ಮೈಕ್ರೋವೇವ್ ಪವರ್: ಯಾವ ಅಡುಗೆಗೆ ಎಷ್ಟು ಇಡಬೇಕು?

ಬಹಳಷ್ಟು ಮನೆಗಳಲ್ಲಿ ಮೈಕ್ರೋವೇವ್ ಓಡುವುದು ಒಂದೇ ಪವರ್‌ನಲ್ಲಿ. ಸ್ಟಾರ್ಟ್ ಬಟನ್ ಒಮ್ಮೆ ಒತ್ತಿದರೆ 30 ಸೆಕೆಂಡ್, ಇನ್ನೊಮ್ಮೆ ಒತ್ತಿದರೆ ಒಂದು ನಿಮಿಷ. ಹೆಚ್ಚಿನ ಮಾಡೆಲ್‌ಗಳಲ್ಲಿ ಹೀಗೆ ಒತ್ತಿದಾಗ ಸಿಗುವುದು ಪೂರ್ತಿ ಪವರ್, ಅಂದರೆ 100%. ಹಾಲು ಉಕ್ಕಿ ತಟ್ಟೆಯೆಲ್ಲ ಹರಿಯುವುದು, ಇಡ್ಲಿ ಗಟ್ಟಿಯಾಗಿ ಜಗಿಯಲು ಬಾರದಂತಾಗುವುದು, ಹುಳಿಯ ಅಂಚು ಕುದಿಯುತ್ತಿದ್ದರೂ ನಡುವೆ ತಣ್ಣಗಿರುವುದು, ಫ್ರೀಜರಿನಿಂದ ತೆಗೆದ ಕೋಳಿ ಹೊರಗೆ ಬೆಂದು ಒಳಗೆ ಮಂಜುಗಡ್ಡೆಯಾಗಿಯೇ ಉಳಿಯುವುದು, ಎಲ್ಲದರ ಮೂಲ ಇಲ್ಲಿದೆ. ಸಮಯ ಕಡಿಮೆ ಮಾಡಿದರೆ ಇವು ಸರಿಹೋಗುವುದಿಲ್ಲ. ಪವರ್ ಇಳಿಸಿ, ಸಮಯ ಹೆಚ್ಚಿಸಬೇಕು.

50% ಇಟ್ಟಾಗ ಒಳಗೆ ನಡೆಯುವುದೇನು

ಸಾಮಾನ್ಯ ಓವನ್‌ನಲ್ಲಿ ಪವರ್ ಇಳಿಸುವುದೆಂದರೆ ಗ್ಯಾಸಿನ ಉರಿ ಸಣ್ಣ ಮಾಡಿದಂತಲ್ಲ. ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಕೆಲಸ ಮಾಡಿದರೆ ಪೂರ್ತಿ ಬಲದಲ್ಲಿ ಮಾಡುತ್ತದೆ, ಇಲ್ಲವೆಂದರೆ ಸುಮ್ಮನಿರುತ್ತದೆ. 50% ಎಂದರೆ ಅರ್ಧ ಹೊತ್ತು ಪೂರ್ತಿ ಪವರ್, ಉಳಿದರ್ಧ ಹೊತ್ತು ಸೊನ್ನೆ. ಹೀಗೆ ಹತ್ತಿ ಆರುವ ಒಂದು ಸುತ್ತು ಸಾಮಾನ್ಯವಾಗಿ 20ರಿಂದ 30 ಸೆಕೆಂಡಿನದು. ಆರಿದಾಗಲೂ ದೀಪ ಉರಿಯುತ್ತದೆ, ಫ್ಯಾನ್ ಓಡುತ್ತದೆ, ತಟ್ಟೆ ತಿರುಗುತ್ತದೆ. ಹಾಗಾಗಿ ಕಣ್ಣಿಗೆ ಏನೂ ತಿಳಿಯುವುದಿಲ್ಲ, ಕಿವಿಗೆ ತಿಳಿಯುತ್ತದೆ. ಒಂದು ಲೋಟ ನೀರಿಟ್ಟು 30%ನಲ್ಲಿ ಎರಡು ನಿಮಿಷ ಓಡಿಸಿ. ಟಕ್ ಎಂದು ರಿಲೇ (ಮ್ಯಾಗ್ನೆಟ್ರಾನ್ ಹತ್ತಿಸಿ ಆರಿಸುವ ಸ್ವಿಚ್) ಸದ್ದಾಗಿ ಗುಂಯ್‌ಗುಡುವಿಕೆ ದಪ್ಪವಾಗುತ್ತದೆ, ಕೆಲವು ಸೆಕೆಂಡಿಗೆ ಮತ್ತೆ ತೆಳುವಾಗುತ್ತದೆ. ಒಂದು ಟಕ್‌ನಿಂದ ಇನ್ನೊಂದು ಸುತ್ತಿನ ಟಕ್‌ವರೆಗೆ ಎಣಿಸಿದರೆ ನಿಮ್ಮ ಓವನ್‌ನ ಸುತ್ತು ಎಷ್ಟು ಸೆಕೆಂಡ್ ಎಂದು ಗೊತ್ತಾಗುತ್ತದೆ.

ಆ ಬಿಡುವಿನ ಹೊತ್ತಿನಲ್ಲೇ ನಿಜವಾದ ಕೆಲಸ ಆಗುವುದು. ಮೈಕ್ರೋವೇವ್ ಅಲೆಗಳು ಆಹಾರದೊಳಗೆ ಹೆಚ್ಚೆಂದರೆ ಎರಡು ಮೂರು ಸೆಂಟಿಮೀಟರ್ ಇಳಿಯುತ್ತವೆ. ಅದಕ್ಕಿಂತ ಒಳಗಿನ ಭಾಗ ಬಿಸಿಯಾಗಬೇಕಾದರೆ ಹೊರಗಿನ ಬಿಸಿ ನಿಧಾನವಾಗಿ ಒಳಕ್ಕೆ ಹರಿಯಬೇಕು. ಪೂರ್ತಿ ಪವರ್‌ನಲ್ಲಿ ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಒಳಗೆ ಬಿಸಿ ಮುಟ್ಟುವ ಮೊದಲೇ ಹೊರಗೆ ಒಣಗಿ ಹೋಗಿರುತ್ತದೆ.

ಈ ಹತ್ತಿ ಆರುವ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ಒಂದು ನಿಮಿಷಕ್ಕಿಂತ ಕಡಿಮೆ ಸಮಯಕ್ಕೆ ಕಡಿಮೆ ಪವರ್ ಇಡುವುದರಲ್ಲಿ ಅರ್ಥವಿಲ್ಲ. ಸುತ್ತು 30 ಸೆಕೆಂಡಿನದು, ನೀವು 30% ಇಟ್ಟಿದ್ದೀರಿ ಎನ್ನೋಣ. 9 ಸೆಕೆಂಡ್ ಹತ್ತಿ 21 ಸೆಕೆಂಡ್ ಆರಿರಬೇಕು. ಆದರೆ 15 ಸೆಕೆಂಡ್ ಮಾತ್ರ ಓಡಿಸಿದರೆ ಮೊದಲ 9 ಸೆಕೆಂಡೂ ಪೂರ್ತಿ ಪವರ್ ಬಿದ್ದು, ನಿಮಗೆ ಸಿಕ್ಕಿದ್ದು 60% ಆಗಿರುತ್ತದೆ. 10% ಇಟ್ಟರೆ ಒಂದು ಸುತ್ತಿಗೆ ಮೂರೇ ಸೆಕೆಂಡ್. ಅದರಲ್ಲೂ ಎರಡು ಸೆಕೆಂಡಿನಷ್ಟು ಮ್ಯಾಗ್ನೆಟ್ರಾನ್ ಕಾದು ಸಿದ್ಧವಾಗಲು ಹೋಗುತ್ತದೆ. ಆದ್ದರಿಂದ 10% ಅನ್ನು ಮಾಡಿದ ಅಡುಗೆ ಬೆಚ್ಚಗಿಡಲು ಬಿಟ್ಟರೆ ಬೇರೆ ಯಾವುದಕ್ಕೂ ನೆಚ್ಚಿಕೊಳ್ಳಬೇಡಿ.

ಬಾಗಿಲ ಮೇಲೆ ಇನ್ವರ್ಟರ್ ಎಂದು ಬರೆದಿರುವ ಓವನ್‌ಗಳ ಬಗೆ ಬೇರೆ. ಕರೆಂಟ್ ಹೋದಾಗ ಬಳಸುವ ಇನ್ವರ್ಟರ್‌ಗೂ ಇದಕ್ಕೂ ಸಂಬಂಧವಿಲ್ಲ. ಇವುಗಳಲ್ಲಿ ಮಧ್ಯಮ ಪವರ್‌ಗಳಲ್ಲಿ ಅಲೆಯ ಬಲವೇ ತಗ್ಗುತ್ತದೆ, ಹತ್ತಿ ಆರುವ ಆಟ ಇರುವುದಿಲ್ಲ. ಬೆಣ್ಣೆ, ಚಾಕೊಲೇಟ್, ಮೊಟ್ಟೆ, ಡಿಫ್ರಾಸ್ಟ್ ಇವಕ್ಕೆ ಇದು ನಿಜಕ್ಕೂ ಒಳ್ಳೆಯದು. ಹೊಸದು ಕೊಳ್ಳುವವರು ಹತ್ತಾರು ಆಟೋ ಕುಕ್ ಮೆನುಗಳ ಪಟ್ಟಿ ನೋಡುವ ಬದಲು ಇದೊಂದನ್ನು ಕೇಳಿ ತಿಳಿದುಕೊಳ್ಳುವುದು ಲೇಸು.

ಮೊದಲು ನಿಮ್ಮ ಓವನ್ ಎಷ್ಟು ವಾಟ್ ಎಂದು ತಿಳಿಯಿರಿ

ಓವನ್‌ನ ಹಿಂಭಾಗದ ಚೀಟಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ. 1200ರ ಆಸುಪಾಸಿನ ದೊಡ್ಡ ಸಂಖ್ಯೆ ಗೋಡೆಯಿಂದ ಎಳೆದುಕೊಳ್ಳುವ ವಿದ್ಯುತ್ತು. ಅಡುಗೆಗೆ ಮುಖ್ಯವಾದುದು ಸಣ್ಣ ಸಂಖ್ಯೆ, ಆಹಾರಕ್ಕೆ ಮುಟ್ಟುವ ಔಟ್‌ಪುಟ್. ನಮ್ಮಲ್ಲಿ ಸಿಗುವ 20 ಲೀಟರ್‌ನ ಸೋಲೋ (ಬರೀ ಮೈಕ್ರೋವೇವ್ ಇರುವ) ಓವನ್‌ಗಳಲ್ಲಿ ಇದು ಸಾಮಾನ್ಯವಾಗಿ 700ರಿಂದ 800 ವಾಟ್, ಬೇಕಿಂಗ್ ಕೂಡ ಮಾಡಬಲ್ಲ ದೊಡ್ಡ ಕನ್ವೆಕ್ಷನ್ ಓವನ್‌ಗಳಲ್ಲಿ 800ರಿಂದ 900. ಹಳೆಯದಾದಂತೆ ಇದು ಕುಗ್ಗುತ್ತದೆ. ಮನೆಯಲ್ಲೇ ಅಳೆಯಬಹುದು:

1. ಅಗಲ ಬಾಯಿಯ ಗಾಜಿನ ಪಾತ್ರೆಗೆ ಸರಿಯಾಗಿ 1 ಲೀಟರ್ ನೀರು ಹಾಕಿ, ಕಲಕಿ, ಅಡುಗೆ ಥರ್ಮಾಮೀಟರಿನಿಂದ ಉಷ್ಣಾಂಶ ಬರೆದುಕೊಳ್ಳಿ.
2. ಥರ್ಮಾಮೀಟರ್ ಹೊರಗೆ ತೆಗೆದು, ಪಾತ್ರೆಯನ್ನು ನಡುವೆ ಇಟ್ಟು 100%ನಲ್ಲಿ 1 ನಿಮಿಷ 2 ಸೆಕೆಂಡ್ ಓಡಿಸಿ. ಆ ಎರಡು ಸೆಕೆಂಡ್ ಮ್ಯಾಗ್ನೆಟ್ರಾನ್ ಕಾಯುವುದಕ್ಕೆ.
3. ತಕ್ಷಣ ಚೆನ್ನಾಗಿ ಕಲಕಿ ಮತ್ತೆ ಅಳೆಯಿರಿ.
4. ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿತೋ ಅದನ್ನು 70ರಿಂದ ಗುಣಿಸಿ. 26 ಇದ್ದದ್ದು 37 ಆದರೆ 11 ಡಿಗ್ರಿ, ಅಂದರೆ 770 ವಾಟ್.

ಈ ಪರೀಕ್ಷೆಯನ್ನು ಓವನ್ ತಣ್ಣಗಿರುವಾಗ ಮಾಡಿ. ಸತತವಾಗಿ ಓಡಿ ಕಾದ ಮ್ಯಾಗ್ನೆಟ್ರಾನ್ ಸ್ವಲ್ಪ ಕಡಿಮೆ ಕೊಡುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ 250 ಮಿ.ಲೀ. ನೀರು ಕುದಿಯಲು ಎಷ್ಟು ಹೊತ್ತು ಬೇಕೆಂದು ನೋಡಿ. ಎರಡು ನಿಮಿಷ ದಾಟಿ ಸ್ವಲ್ಪದರಲ್ಲೇ ಕುದಿ ಬಂದರೆ 800ರ ಸುಮಾರು, ಮೂರು ನಿಮಿಷದ ಹತ್ತಿರ ಹೋದರೆ 600ರಿಂದ 700.

ಈ ಸಂಖ್ಯೆ ಗೊತ್ತಿದ್ದರೆ ಬೇರೆಯವರ ಅಳತೆಗಳನ್ನು ನಿಮ್ಮದಕ್ಕೆ ಹೊಂದಿಸಬಹುದು. ಅಮೆರಿಕದ ಅಡುಗೆ ವಿಡಿಯೋಗಳಲ್ಲಿ ಬಹುಮಟ್ಟಿಗೆ 1000 ವಾಟ್ ಅಥವಾ ಅದಕ್ಕೂ ಮೇಲಿನ ಓವನ್ ಇರುತ್ತದೆ. ಅವರ 3 ನಿಮಿಷವನ್ನು 1000ದಿಂದ ಗುಣಿಸಿ ನಿಮ್ಮ 700ರಿಂದ ಭಾಗಿಸಿದರೆ 4 ನಿಮಿಷ 17 ಸೆಕೆಂಡ್. ಅಲ್ಲಿರುವ ಕನ್ನಡಿಗರು ಇಲ್ಲಿನ ಅಳತೆ ಬಳಸುವಾಗ ಸಮಯ ಕತ್ತರಿಸುವುದಕ್ಕಿಂತ ಪವರ್ ಇಳಿಸುವುದು ಉತ್ತಮ: 1000 ವಾಟ್‌ನ ಓವನ್‌ನಲ್ಲಿ 8ನೇ ಲೆವೆಲ್ ಇಟ್ಟರೆ ಅದು ಇಲ್ಲಿನ 800 ವಾಟ್‌ನ 100%ಗೆ ಸಮ. ಅಲ್ಲಿನ 1ರಿಂದ 10ರ ಅಂಕಿಗಳೆಂದರೆ 10%, 20% ಎಂಬ ಲೆಕ್ಕವೇ. ಈ ಲೇಖನದ ಅಳತೆಗಳೆಲ್ಲ 800 ವಾಟ್‌ನ ಓವನ್‌ಗೆ.

ಬಟನ್ ಮತ್ತು ತಿರುಗಣೆ

ಬಟನ್ ಇರುವ ಮಾಡೆಲ್‌ನಲ್ಲಿ ಮೈಕ್ರೋ ಅಥವಾ ಪವರ್ ಎಂಬ ಬಟನ್ ಒತ್ತುತ್ತಾ ಹೋದರೆ 100, 80, 50, 30, 10 ಎಂದು ಬರುತ್ತವೆ. ಕೆಲವು ಕಂಪನಿಗಳ ಪರದೆಯಲ್ಲಿ ಶೇಕಡಾ ಬದಲು ನೇರವಾಗಿ 800, 600, 450, 300 ಎಂದು ವಾಟ್‌ಗಳೇ ಕಾಣುತ್ತವೆ. ಬೇಕಾದುದು ಬಂದ ಮೇಲೆ ಸಮಯ, ಆಮೇಲೆ ಸ್ಟಾರ್ಟ್. ಹಲವು ಮಾಡೆಲ್‌ಗಳಲ್ಲಿ ಸ್ಟಾರ್ಟ್ ಒತ್ತುವ ಮೊದಲು ಮತ್ತೆ ಪವರ್ ಒತ್ತಿ ಎರಡನೆಯ ಹಂತವನ್ನೂ ಕೊಡಬಹುದು, 100%ನಲ್ಲಿ 6 ನಿಮಿಷ, ಆಮೇಲೆ ತಾನಾಗಿ 50%ನಲ್ಲಿ 10 ನಿಮಿಷ ಎಂಬಂತೆ. ಅನ್ನಕ್ಕೆ ಇದು ತುಂಬಾ ಅನುಕೂಲ. ತಿರುಗಣೆ ಮಾಡೆಲ್‌ನಲ್ಲಿ ಒಂದು ತಿರುಗಣೆ ಪವರ್‌ಗೆ, ಇನ್ನೊಂದು ಸಮಯಕ್ಕೆ. ಎರಡು ನಿಮಿಷಕ್ಕಿಂತ ಕಡಿಮೆ ಬೇಕಿದ್ದರೆ ಸಮಯದ ತಿರುಗಣೆಯನ್ನು ಮೊದಲು ಎರಡು ದಾಟಿಸಿ, ಆಮೇಲೆ ಹಿಂದಕ್ಕೆ ತನ್ನಿ. ನೇರವಾಗಿ ಒಂದಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಸರಿಯಾಗಿ ಬಿಗಿಯದೆ ಸಮಯ ತಪ್ಪುತ್ತದೆ.

ಇಳಿಸಬೇಕೋ ಬೇಡವೋ?

ನೀರಿನಂಶ ಹೆಚ್ಚಿದ್ದು, ನಡುನಡುವೆ ಕಲಕಲು ಬರುವಂಥದ್ದು ಏನೇ ಇರಲಿ, 100% ನಡೆಯುತ್ತದೆ. ಕಲಕಲು ಬಾರದ್ದು, ಉಕ್ಕುವಂಥದ್ದು, ಕೊಬ್ಬು ಸಕ್ಕರೆ ಹೆಚ್ಚಿರುವುದು, ಹೆಪ್ಪುಗಟ್ಟಿರುವುದು ಇವಕ್ಕೆ ಇಳಿಸಲೇಬೇಕು. ಹೊಸ ಪದಾರ್ಥ ಎದುರಾದಾಗ ಇಷ್ಟು ಕೇಳಿಕೊಂಡರೆ ಸಾಕು.

ಸೊಪ್ಪು, ಬೀನ್ಸ್, ಕ್ಯಾರೆಟ್, ಫ್ರೋಜನ್ ಬಟಾಣಿ ಎಲ್ಲವನ್ನೂ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ 100%ನಲ್ಲೇ ಬೇಯಿಸಿ. ಬಟಾಣಿಯನ್ನು ಮೊದಲು ಕರಗಿಸಬೇಕಾಗಿಲ್ಲ. ಆಲೂಗಡ್ಡೆ, ಬಜ್ಜಿಗೆ ಬೇಕಾದ ಇಡೀ ಬದನೆಕಾಯಿ ಇವಕ್ಕೆ ಫೋರ್ಕ್‌ನಿಂದ ಆರೇಳು ಕಡೆ ಚುಚ್ಚಿ, ಇಲ್ಲದಿದ್ದರೆ ಸಿಪ್ಪೆಯೊಳಗೆ ಹಬೆ ಕಟ್ಟಿ ಸಿಡಿಯುತ್ತದೆ. ಮಧ್ಯಮ ಗಾತ್ರದ ಒಂದು ಆಲೂಗಡ್ಡೆಗೆ 4ರಿಂದ 5 ನಿಮಿಷ, ನಡುವೆ ಒಮ್ಮೆ ಮಗುಚಬೇಕು. ಉದ್ದಿನ ಹಪ್ಪಳಕ್ಕೂ 100%, ಒಂದಕ್ಕೆ 40ರಿಂದ 60 ಸೆಕೆಂಡ್. ಎರಡು ಚಪಾತಿಯನ್ನು ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸುತ್ತಿ 15ರಿಂದ 20 ಸೆಕೆಂಡ್. ಇಷ್ಟು ಕಡಿಮೆ ಹೊತ್ತಿಗೆ ಪವರ್ ಇಳಿಸಿ ಪ್ರಯೋಜನವಿಲ್ಲ ಎಂಬುದಕ್ಕೆ ಕಾರಣ ಆಗಲೇ ಹೇಳಿದ್ದೇವೆ.

ಅನ್ನಕ್ಕೆ ಎರಡು ಪವರ್ ಬೇಕು. ಒಂದು ಕಪ್ ಸೋನಾ ಮಸೂರಿ ತೊಳೆದು 20 ನಿಮಿಷ ನೆನೆಸಿ, ನೆನೆಸಿದ ನೀರು ಬಸಿದು, ಎರಡೂಕಾಲು ಕಪ್ ನೀರು ಹಾಕಿ. ಪಾತ್ರೆ ಕನಿಷ್ಠ ಎರಡೂವರೆ ಲೀಟರಿನದಿರಲಿ. ಮುಚ್ಚದೆ 100%ನಲ್ಲಿ 6 ನಿಮಿಷ, ನೀರು ಚೆನ್ನಾಗಿ ಕುದಿಯಬೇಕು. ಆಮೇಲೆ ಮುಚ್ಚಳವನ್ನು ಸ್ವಲ್ಪ ಸರಿಸಿ ಮುಚ್ಚಿ 50%ನಲ್ಲಿ 9ರಿಂದ 10 ನಿಮಿಷ, ಓವನ್ ಆರಿದ ಮೇಲೆ ಬಾಗಿಲು ತೆರೆಯದೆ 5 ನಿಮಿಷ. ಪೂರ್ತಿ 100%ನಲ್ಲೇ ಬಿಟ್ಟರೆ ಗಂಜಿ ಉಕ್ಕಿ ನೀರು ಖರ್ಚಾಗುತ್ತದೆ, ಅಗುಳಿನ ನಡುವೆ ಗಟ್ಟಿ ಉಳಿಯುತ್ತದೆ. ಅಕ್ಕಿ ನೀರು ಹೀರುವುದಕ್ಕೆ ಹೊತ್ತು ಬೇಕು, ಹೆಚ್ಚು ಬಿಸಿ ಕೊಟ್ಟು ಅದನ್ನು ಅವಸರಿಸಲು ಆಗುವುದಿಲ್ಲ.

ತೊಗರಿಬೇಳೆಯೂ ಇದೇ ರೀತಿ ಬೇಯುತ್ತದೆ, ಆದರೆ ಅರ್ಧ ಗಂಟೆ ನೆನೆಸಿದ್ದಕ್ಕೂ 25 ನಿಮಿಷ ಹಿಡಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿಗಿಂತ ಇನ್ನಷ್ಟು ತಡವಾಗುತ್ತದೆ. ಬೇಳೆಗೆ ಕುಕ್ಕರೇ ಸರಿ.

70ರಿಂದ 80%: ಬಿಸಿ ಮಾಡುವುದು, ಹುರಿಯುವುದು

ದಿನಕ್ಕೆ ಹೆಚ್ಚು ಬಳಕೆಯಾಗಬೇಕಾದ ಪವರ್ ಇದು. ಫ್ರಿಜ್‌ನಿಂದ ತೆಗೆದ ಎರಡು ಕಪ್ ಹುಳಿ ಅಥವಾ ಸಾಂಬಾರಿಗೆ ಮುಚ್ಚಳ ಹಾಕಿ 80%ನಲ್ಲಿ 4ರಿಂದ 5 ನಿಮಿಷ. ನಡುವೆ ಎರಡು ಸಲ ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ಬರುವಂತೆ ಕಲಕಿ. ಬೇಳೆ ಬೆರೆತ ಗಟ್ಟಿ ಸಾರುಗಳು ಪೂರ್ತಿ ಪವರ್‌ನಲ್ಲಿ ಪಟಪಟ ಸಿಡಿಯುವುದು ಕೆಳಗಿನ ಹಬೆ ಮೇಲಿನ ಗಟ್ಟಿ ಪದರವನ್ನು ಒಡೆದು ಬರುವುದರಿಂದ. ಉಳಿದ ಅಡುಗೆ ಬಿಸಿ ಮಾಡುವಾಗ ನಡುಭಾಗವೂ 75 ಡಿಗ್ರಿ ಮುಟ್ಟಬೇಕು; ಎಲ್ಲ ಕಡೆಯೂ ಹಬೆಯಾಡುವಷ್ಟು ಎಂದಿಟ್ಟುಕೊಳ್ಳಿ. 

ಫ್ರಿಜ್‌ನಲ್ಲಿದ್ದ ನಾಲ್ಕು ಇಡ್ಲಿಗೆ ನೀರು ಚಿಮುಕಿಸಿ, ತಟ್ಟೆಯ ಅಂಚಿಗೆ ವೃತ್ತವಾಗಿ ಜೋಡಿಸಿ ನಡುವೆ ಖಾಲಿ ಬಿಟ್ಟು ಮುಚ್ಚಿ. 70%ನಲ್ಲಿ ಒಂದೂವರೆ ನಿಮಿಷ, ತೆಗೆಯುವ ಮೊದಲು ಒಂದು ನಿಮಿಷ ಹಾಗೇ ಬಿಡಿ. ನಿಮ್ಮಲ್ಲಿ 80 ಆದ ಮೇಲೆ ನೇರವಾಗಿ 50 ಇದ್ದರೆ 50%ನಲ್ಲಿ ಎರಡು ನಿಮಿಷ.

ಹುರಿಯುವುದರಲ್ಲಿ ಮೋಸವೊಂದಿದೆ. ಕಡಲೆಕಾಯಿ ಬೀಜ ಹೊರಗೆ ಹಸಿಯಂತೆಯೇ ಕಂಡರೂ ಒಳಗೆ ಕಂದಾಗಿರಬಹುದು, ಏಕೆಂದರೆ ಬಾಣಲೆಯಲ್ಲಿ ಆಗುವಂತೆ ಹೊರಗಿನಿಂದ ಬಣ್ಣ ತಿರುಗುವುದಿಲ್ಲ. ಒಂದು ಕಪ್ ಬೀಜವನ್ನು ಅಗಲ ತಟ್ಟೆಯಲ್ಲಿ ಒಂದೇ ಪದರ ಹರಡಿ 80%ನಲ್ಲಿ 4 ನಿಮಿಷ, ಪ್ರತಿ ನಿಮಿಷಕ್ಕೂ ಕೈಯಾಡಿಸಿ. ಮೂರನೆಯ ನಿಮಿಷದಿಂದ ಒಂದು ಬೀಜ ಸೀಳಿ ಒಳಗೆ ನೋಡಿ. ತೆಳು ಕೆನೆಬಣ್ಣ ತಿರುಗುತ್ತಿದ್ದರೆ ನಿಲ್ಲಿಸಿ, ತೆಗೆದ ಮೇಲೂ ಒಳಗಿನ ಬಿಸಿಗೆ ಹುರಿಯುವುದು ಮುಂದುವರಿಯುತ್ತದೆ. ಗರಿಯಾಗುವುದು ಆರಿದ ಮೇಲೆಯೇ. ಉಪ್ಪಿಟ್ಟಿನ ರವೆಗೂ ಇದೇ ಪವರ್: ಒಂದು ಕಪ್ಪಿಗೆ ಒಂದು ಚಮಚ ತುಪ್ಪ ಬೆರೆಸಿ 4 ನಿಮಿಷ, ನಿಮಿಷಕ್ಕೊಮ್ಮೆ ಕಲಕಬೇಕು. ತುಪ್ಪವಿಲ್ಲದ ಒಣ ರವೆ ಅಲೆಗಳನ್ನು ಅಷ್ಟಾಗಿ ಹೀರುವುದಿಲ್ಲ.

50%: ಹಾಲು, ಗಂಜಿ, ಬೆಣ್ಣೆ, ಚಾಕೊಲೇಟ್

ಹಾಲು ಕುದಿ ಹತ್ತಿರ ಬಂದಾಗ ಮೇಲೆ ಕೆನೆ ಕಟ್ಟುತ್ತದೆ, ಅದರಡಿ ಹಬೆ ಸೇರಿ ಒಮ್ಮೆಲೇ ಉಕ್ಕುತ್ತದೆ. 50%ನಲ್ಲಿ ಮ್ಯಾಗ್ನೆಟ್ರಾನ್ ಆರಿದಾಗ ಏರಿದ ನೊರೆ ಇಳಿಯಲು ಹೊತ್ತು ಸಿಗುತ್ತದೆ. ಅರ್ಧ ಲೀಟರ್ ಹಾಲಿಗೆ ಎರಡು ಲೀಟರಿನ ಪಾತ್ರೆ, 100%ನಲ್ಲಿ 3 ನಿಮಿಷ, ಹೊರತೆಗೆದು ಕಲಕಿ ಕೆನೆ ಒಡೆದು, 50%ನಲ್ಲಿ 3ರಿಂದ 4 ನಿಮಿಷ. ಕೊನೆಯ ನಿಮಿಷ ಎದುರಿಗೆ ನಿಲ್ಲಿ. ಕಾಸಿಟ್ಟ ಹಾಲನ್ನು ಹೆಪ್ಪು ಹಾಕಲು ಬೆಚ್ಚಗೆ ಮಾಡಬೇಕಿದ್ದರೆ ಒಂದು ಕಪ್ಪಿಗೆ 50%ನಲ್ಲಿ ಒಂದೂಮುಕ್ಕಾಲು ನಿಮಿಷ, ಚೆನ್ನಾಗಿ ಕಲಕಿದ ಮೇಲೆಯೇ ಬೆರಳಿಟ್ಟು ನೋಡಿ. 40 ಡಿಗ್ರಿ ದಾಟಿ ಹೆಚ್ಚು ಬಿಸಿಯಾದರೆ ಆರಲು ಬಿಡಿ, ಸುಡುವ ಹಾಲಿಗೆ ಹೆಪ್ಪು ಬಿದ್ದರೆ ಮೊಸರಾಗುವುದಿಲ್ಲ. ಮಗುವಿನ ಬಾಟಲಿಯನ್ನು ಮಾತ್ರ ಮೈಕ್ರೋವೇವ್‌ನಲ್ಲಿ ಯಾವ ಪವರ್‌ನಲ್ಲೂ ಬಿಸಿ ಮಾಡಬೇಡಿ. ಬಾಟಲಿ ಬೆಚ್ಚಗಷ್ಟೇ ಇದ್ದು ಹಾಲಿನ ನಡುವೆ ಬಾಯಿ ಸುಡುವಷ್ಟು ಬಿಸಿ ಇರಬಹುದು.

ರಾಗಿ ಗಂಜಿಗೆ ಎರಡು ಚಮಚ ಹಿಟ್ಟನ್ನು ಒಂದು ಕಪ್ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ದೊಡ್ಡ ಬಟ್ಟಲಲ್ಲಿ 100%ನಲ್ಲಿ ಒಂದೂವರೆ ನಿಮಿಷ, ಬಲವಾಗಿ ಕಲಕಿ, 50%ನಲ್ಲಿ ಎರಡು ನಿಮಿಷ, ಮತ್ತೆ ಕಲಕಿ ಇನ್ನೊಂದು ನಿಮಿಷ. ಮೊದಲ ಕಲಕುವಿಕೆ ತಪ್ಪಿದರೆ ತಳದಲ್ಲಿ ಹಿಟ್ಟು ಕೂತು ಮುದ್ದೆಯಾಗುತ್ತದೆ.

100 ಗ್ರಾಂ ಬೆಣ್ಣೆ 50%ನಲ್ಲಿ ಒಂದು ನಿಮಿಷದಿಂದ ಒಂದೂಕಾಲು. ಕರಗಿದ ಭಾಗ ಬೇಗ ಕಾಯುತ್ತದೆ, ಅದರಲ್ಲಿರುವ ನೀರು ಹಬೆಯಾಗಿ ಸಿಡಿಯುತ್ತದೆ. ಅದಕ್ಕೇ ಮುಕ್ಕಾಲು ಕರಗಿದಾಗ ನಿಲ್ಲಿಸಿ ಉಳಿದದ್ದನ್ನು ಕಲಕಿ ಕರಗಿಸಿ. ಚಾಕೊಲೇಟ್ ಒಣ ಬಟ್ಟಲಲ್ಲಿ 50%, ಮೊದಲು ಒಂದು ನಿಮಿಷ, ಆಮೇಲೆ 30 ಸೆಕೆಂಡಿಗೊಮ್ಮೆ ಕಲಕುತ್ತಾ. ತುಂಡುಗಳು ಕರಗಿದ ಮೇಲೂ ಆಕಾರ ಬಿಡುವುದಿಲ್ಲ, ನೋಡಿ ನಿರ್ಧರಿಸಿದರೆ ಸೀಯುತ್ತದೆ. ಮೊಟ್ಟೆಯನ್ನು ಒಡೆದು ಹಾಕಿ ಬೇಯಿಸುವಾಗಲೂ 50%, ಹಳದಿಯ ಪೊರೆಗೆ ಕಡ್ಡಿಯಿಂದ ಚುಚ್ಚಿರಬೇಕು. ಸಿಪ್ಪೆಯೊಂದಿಗೆ ಹಸಿ ಮೊಟ್ಟೆ, ಸಿಪ್ಪೆ ತೆಗೆದ ಇಡೀ ಬೆಂದ ಮೊಟ್ಟೆ ಎರಡೂ ಸಿಡಿಯುತ್ತವೆ. ಬೆಂದದ್ದನ್ನು ಸೀಳಿ ಇಡಿ.

30%: ಡಿಫ್ರಾಸ್ಟ್

ದ್ರವರೂಪದ ನೀರು ಅಲೆಗಳನ್ನು ಚೆನ್ನಾಗಿ ಹೀರುತ್ತದೆ, ಮಂಜುಗಡ್ಡೆ ಬಹಳ ಕಡಿಮೆ ಹೀರುತ್ತದೆ. ಆದ್ದರಿಂದ ಎಲ್ಲಿ ಮೊದಲು ಕರಗಿತೋ ಅಲ್ಲೇ ಬಿಸಿ ಸೇರುತ್ತಾ ಹೋಗುತ್ತದೆ: ಕರಗಿದ ಅಂಚು ಬೇಯುತ್ತದೆ, ಪಕ್ಕದ ಗಡ್ಡೆ ಗಡ್ಡೆಯಾಗಿಯೇ ಇರುತ್ತದೆ. ಪವರ್ ಇಳಿಸಿದಷ್ಟೂ ಕರಗಿದ ಭಾಗದ ಬಿಸಿ ಗಡ್ಡೆಗೆ ಹರಿಯಲು ಅವಕಾಶ.

ಅರ್ಧ ಕಿಲೋ ಕೋಳಿ ತುಂಡುಗಳಿಗೆ:

1. ಪ್ಲಾಸ್ಟಿಕ್ ಚೀಲ, ಥರ್ಮೋಕೋಲ್ ತಟ್ಟೆ ತೆಗೆದುಹಾಕಿ. ಆಳ ತಟ್ಟೆಯಲ್ಲಿ ಪಿಂಗಾಣಿ ಸಾಸರ್ ಒಂದನ್ನು ಬೋರಲು ಹಾಕಿ ಅದರ ಮೇಲೆ ಮಾಂಸ ಇಡಿ. ಕರಗಿ ಇಳಿದ ನೀರಿನಲ್ಲಿ ಮಾಂಸ ಕೂತರೆ ತಳ ಬೇಯುತ್ತದೆ.
2. 30%ನಲ್ಲಿ 3 ನಿಮಿಷ. ಮಗುಚಿ, ಇಳಿದ ನೀರು ಚೆಲ್ಲಿ.
3. ಇನ್ನೂ 3 ನಿಮಿಷ. ಈಗ ತುಂಡುಗಳು ಬಿಡಿಸಲು ಬರುತ್ತವೆ. ಮೆತ್ತಗಾದವನ್ನು ಹೊರಗೆ ತೆಗೆದಿಡಿ, ಗಟ್ಟಿಯಿರುವ ದಪ್ಪ ತುಂಡುಗಳನ್ನು ಅಂಚಿಗೆ ಜೋಡಿಸಿ.
4. ಉಳಿದವಕ್ಕೆ 2ರಿಂದ 3 ನಿಮಿಷ. ಒಳಗೆ ಇನ್ನೂ ಸ್ವಲ್ಪ ಹಿಮ ಇರುವಾಗಲೇ ನಿಲ್ಲಿಸಿ, 10 ನಿಮಿಷ ಹೊರಗಿಡಿ.
5. ತಡಮಾಡದೆ ಬೇಯಿಸಿ. ಅಲ್ಲಲ್ಲಿ ಬೆಚ್ಚಗಾದ ಮಾಂಸವನ್ನು ಮತ್ತೆ ಫ್ರೀಜರಿಗೆ ಹಾಕಬಾರದು.

ಮೀನಿನ ತುಂಡುಗಳ ತೆಳು ಹೊಟ್ಟೆಭಾಗ ಬೇಗ ಬೇಯುವುದರಿಂದ ಅದನ್ನು ತಟ್ಟೆಯ ನಡುವಿಗೆ ಇಟ್ಟು ಒಂದೂವರೆ ನಿಮಿಷಕ್ಕೊಮ್ಮೆ ನೋಡಿ. ಫ್ರೀಜರಿನ ತೆಂಗಿನ ತುರಿ ಒಂದು ಕಪ್ಪಿಗೆ 30%ನಲ್ಲಿ ಒಂದೂವರೆ ನಿಮಿಷ ಸಾಕು, ನಡುವೆ ಫೋರ್ಕ್‌ನಿಂದ ಬಿಡಿಸಿ. ಪೂರ್ತಿ ಪವರ್ ಕೊಟ್ಟರೆ ಅಂಚಿನ ತುರಿ ಕಾದು ಎಣ್ಣೆ ಬಿಡುತ್ತದೆ, ಚಟ್ನಿಯ ರುಚಿ ಕೆಡುತ್ತದೆ.

ಅಳತೆ ಸರಿಯಿದ್ದರೂ ಎಡವಟ್ಟಾದರೆ

ಪ್ರಮಾಣ ದುಪ್ಪಟ್ಟಾದರೆ ಸಮಯವೂ ಹೆಚ್ಚುಕಡಿಮೆ ದುಪ್ಪಟ್ಟು, ಪವರ್ ಅದೇ ಇರಲಿ. ಒಂದು ಲೋಟಕ್ಕೆ ಹೋಗುತ್ತಿದ್ದ ಬಿಸಿಯನ್ನು ಈಗ ಎರಡು ಲೋಟ ಹಂಚಿಕೊಳ್ಳುತ್ತವೆ. ನಯವಾದ ಹೊಸ ಗಾಜಿನ ಲೋಟದಲ್ಲಿ ಬರಿ ನೀರು ಕಾಯಿಸಿದರೆ ಕುದಿಯ ಬಿಂದು ದಾಟಿಯೂ ಗುಳ್ಳೆ ಬಾರದೆ, ಕಾಫಿ ಪುಡಿ ಹಾಕಿದ ಕೂಡಲೇ ಎಗರಬಹುದು. ಮರದ ಕಡ್ಡಿಯೊಂದನ್ನು ಹಾಕಿಡಿ, ತೆಗೆಯುವ ಮೊದಲು ಅರ್ಧ ನಿಮಿಷ ಬಿಡಿ.

ಬೇಸಿಗೆಯ ಸಂಜೆ ವೋಲ್ಟೇಜ್ 200ಕ್ಕಿಂತ ಕೆಳಗಿಳಿಯುವ ಊರುಗಳಲ್ಲಿ ಸಾಮಾನ್ಯ ಓವನ್‌ನ ಔಟ್‌ಪುಟ್ ಎದ್ದು ಕಾಣುವಷ್ಟು ಕುಸಿಯುತ್ತದೆ. ಆಗ ಪವರ್ ಏರಿಸಬೇಡಿ, ಅದೇ ಪವರ್‌ನಲ್ಲಿ ಸಮಯ ಹೆಚ್ಚಿಸಿ. ಪ್ಲಗ್ 16 ಆಂಪಿಯರ್ ಸಾಕೆಟ್‌ಗೆ ನೇರವಾಗಿ ಹೋಗಲಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

ಯಾವ ಪವರ್ ಇಟ್ಟರೂ ಎಲ್ಲ ಸೀಯುತ್ತಿದ್ದರೆ ಹೀಗೆ ಪರೀಕ್ಷಿಸಿ. 250 ಮಿ.ಲೀ. ನೀರು 100%ನಲ್ಲಿ ಕುದಿಯಲು ಎಷ್ಟು ಹೊತ್ತಾಯಿತು ನೋಡಿ, ಪಾತ್ರೆ ಆರಿಸಿ, ಹೊಸ ನೀರು ಹಾಕಿ 50%ನಲ್ಲಿ ನೋಡಿ. ಎರಡನೆಯದು ಸುಮಾರು ದುಪ್ಪಟ್ಟು ಹಿಡಿಯಬೇಕು. ಎರಡೂ ಒಂದೇ ಆದರೆ, 30%ನಲ್ಲೂ ಗುಂಯ್‌ಗುಡುವುದು ನಿಲ್ಲದಿದ್ದರೆ, ಪವರ್ ರಿಲೇ ಅಂಟಿಕೊಂಡಿರಬಹುದು. ಓವನ್ ಬಳಸುವುದು ನಿಲ್ಲಿಸಿ ಮೆಕ್ಯಾನಿಕ್ ಕರೆಸಿ. ಹೊರಕವಚವನ್ನು ನೀವೇ ಬಿಚ್ಚಬೇಡಿ: ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಹಿಡಿದಿಟ್ಟುಕೊಂಡಿರಬಹುದು.